ಜವರಮ್ಮನ ಕಾರಿಗೆ ಕಟ್ಟಿದ ದಾರ

ಹೂಂಗುಟ್ಟುವವರು ಹತ್ತಿರ ಬನ್ನಿ, ನಿದ್ದೆ ಬಂದವರು ಆಚೆ ಮಲಗಿ. ಜವರಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮರಿಸ್ವಾಮಿ ಅಂತ ಒಬ್ಬನೇ ಮಗ. ಕಾರು ಓಡಿಸುವುದೊಂದು ಬಿಟ್ಟರೆ ಅವನಿಗೆ ಇನ್ನೇನೂ ತಿಳಿಯದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಇಂಥ ಮಗನನ್ನು ಕಟ್ಟಿಕೊಂಡು ಹೇಗಪ್ಪ ಬಾಳಲಿ ಅಂತ ತಾಯಿ ದಿನಾ ತಲೆ ಚಚ್ಚಿಕೊಳ್ಳುತ್ತಿದ್ದಳು.

ಮಗನ ಚಿಂತೆಗಿಂತ ದೊಡ್ಡದು ಅವಳ ಹೊಟ್ಟೆಕಿಚ್ಚು. ಗೋಡೆಯಾಚೆಯ ಓರಗಿತ್ತಿ ಪುಟ್ಟಲಿಂಗಮ್ಮ ಬಾಡಿಗೆಗೆ ಬಿಡಲು ಕಾರು ತಂದಳು ಅಂತಲೇ ಇವಳು ಕಿವಿಯೋಲೆ ಮಾರಿ ಒಂದು ಹಳೇ ಕಾರು ತಂದಿದ್ದಳು. ತಂದ ದಿನ ಪುಟ್ಟಲಿಂಗಮ್ಮ ಬಂದು, ಚೆನ್ನಾಗದೆ ಕಣಕ್ಕ, ಅಂದಳು. ಅಷ್ಟೇ ಸಾಕಾಯಿತು. ಅವಳ ಕಣ್ಣು ಬಿತ್ತು ಅಂತ ಜವರಮ್ಮ ಕರೀ ದಾರ ಮಂತ್ರಿಸಿಕೊಂಡು ಬಂದು ಮಗನ ಕೈಗಿಟ್ಟಳು. ಬಾನೆಟ್ಟಿನೊಳಗೆ ಯಾರಿಗೂ ಕಾಣದ ಹಾಗೆ ಕಟ್ಟು, ಮೂರು ಗಂಟು ಹಾಕು, ಅಲ್ಲಾಡದ ಹಾಗೆ ಬಿಗಿ ಅಂದಳು. ಹೂಂ ಅಂದ ಮರಿಸ್ವಾಮಿ.

ಮಾರನೇ ದಿನದಿಂದ ಕಾರಿಗೆ ರೋಗ. ಆಕ್ಸಿಲೇಟರ್ ಮೇಲಿಂದ ಕಾಲು ತೆಗೆದರೂ ಇಂಜಿನ್ ಇಳಿಯದು, ನಿಂತಲ್ಲೇ ಭರ್ರೋ ಅಂತ ಅರಚುವುದು. ಪುಟ್ಟಲಿಂಗಮ್ಮನ ಕಾರು ನಿಂತರೆ ಸದ್ದೇ ಕೇಳದು. ಅದನ್ನು ಕೇಳಿ, ಅಂದರೆ ಕೇಳದೆ, ಜವರಮ್ಮನಿಗೆ ಅನ್ನ ಸೇರಲಿಲ್ಲ. ಅದೂ ಯಾವ ಹೊತ್ತಿನಲ್ಲಿ? ಊರಿನ ಹಲಗೇಗೌಡರು ಮದುಮಗಳಾಗಿದ್ದ ತಮ್ಮ ತಂಗಿಯ ಮಗಳನ್ನು ಮದುವೆ ಛತ್ರಕ್ಕೆ ಕರೆದೊಯ್ಯಲು ಈ ಎರಡು ಕಾರಿನಲ್ಲಿ ಯಾವುದು ಅಂತ ನೋಡುತ್ತಿದ್ದರು. ಮದುಮಗಳು ಪುಟ್ಟಲಿಂಗಮ್ಮನ ಕಾರಿನಲ್ಲಿ ಕೂತರೆ ಜವರಮ್ಮ ಬೀದಿಯಲ್ಲಿ ತಲೆಯೆತ್ತುವುದು ಹೇಗೆ?

ಊರಲ್ಲಿದ್ದದ್ದು ಗೌಸಣ್ಣನ ಗ್ಯಾರೇಜ್ ಒಂದೇ. ಅಲ್ಲಿಗೆ ಓರಗಿತ್ತಿಯ ಕಾರೂ ಬರುತ್ತಿತ್ತು. ಗಾಡಿ ತಗೊಂಡು ಹೋದರೆ ಅವಳಿಗೆ ಗೊತ್ತಾಗುತ್ತೆ, ಬರೀ ಕೇಳಿಕೊಂಡು ಬಾ ಅಂತ ಮಗನನ್ನು ಕಳಿಸಿದಳು. ಇಂಜಿನ್ ತಣ್ಣಗಿದ್ದಾಗ ಅರಚುತ್ತೆ, ಬೆಚ್ಚಗಾಗಲಿ ಇಳಿಯುತ್ತೆ ಅಂದ ಗೌಸಣ್ಣ. ಮರಿಸ್ವಾಮಿ ಹೂಂ ಅಂದು ಬಂದು, ಅವ್ವನ ಕಂಬಳಿಯನ್ನು ಇಂಜಿನ್ನಿಗೆ ಹೊದಿಸಿ ಗಾಡಿ ಚಾಲೂ ಮಾಡಿದ. ಕಂಬಳಿ ಹೊಗೆಯಾಡಿತು. ಜವರಮ್ಮ ಬಿಂದಿಗೆ ನೀರು ತಂದು ಸುರಿದಳು.

"ಅಯ್ಯೋ ಪೆದ್ದ, ಅದ್ಕೆ ಉಸಿರು ಕಟ್ಟಲ್ವೇನ್ಲಾ? ಗಾಳಿ ಆಡಕ್ಕೆ ಬಿಡಬೇಕು ಕಣ್ಲಾ!"

ಹೂಂ ಅಂದ. ಗಾಳಿಯಾಡಲಿ ಅಂತ ಇಂಜಿನ್ನಿನ ರಬ್ಬರ್ ಪೈಪೊಂದನ್ನು ಕಿತ್ತಿಟ್ಟ. ಕಾರು ಇನ್ನೂ ಜೋರಾಗಿ ಅರಚಿತು. ಮತ್ತೆ ಗ್ಯಾರೇಜಿಗೆ ಓಡಿದ. ಗೌಸಣ್ಣ ಬೈದ. ಬೇಡದ ಕಡೆ ಗಾಳಿ ನುಗ್ಗಿದರೆ ಅರಚದೆ ಇನ್ನೇನು ಮಾಡುತ್ತೆ, ಪೈಪು ಹಾಕು, ಗಾಳಿ ನುಗ್ಗುವ ಕಡೆಯೆಲ್ಲ ಮುಚ್ಚು ಅಂದ.

ಹೂಂ ಅಂದ. ಪೈಪು ಹಾಕಿದ. ಮಧ್ಯಾಹ್ನ ಹಲಗೇಗೌಡರು ಗಾಡಿ ನೋಡಲು ಬಂದು ಒಳಗೆ ಕೂತರು. ಮರಿಸ್ವಾಮಿ ಕಿಟಕಿಯೆಲ್ಲ ಏರಿಸಿ, ಬಾಗಿಲು ಹಾಕಿ, ಸಂದಿಗೊಂದಿಗೆ ಚಿಂದಿ ತುರುಕಿದ. ಗೌಡರು ಬೆವರಿ ನೀರಾಗಿ ಗಾಜು ಬಡಿದರು. ಬಾಗಿಲು ತೆಗೆದರೆ ಗಾಳಿ ನುಗ್ಗುತ್ತಲ್ಲ ಅಂತ ಇವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕೊನೆಗೆ ಜವರಮ್ಮನೇ ಓಡಿ ಬಂದು ಅವನನ್ನು ಎಳೆದು ಬಾಗಿಲು ತೆಗೆದಳು. ಗೋಡೆಯ ಮೇಲಿಂದ ಪುಟ್ಟಲಿಂಗಮ್ಮ ಕಿಸಕ್ಕನೆ ನಕ್ಕಳು. ಆ ನಗು ಇವಳ ಎದೆಗೆ ನಾಟಿತು. ಗೌಡರು ಮುಖ ಒರೆಸಿಕೊಂಡು, ಮದುವೆ ದಿನ ಎರಡೂ ಗಾಡಿ ಬಾಗಿಲಿಗೆ ಬರಲಿ, ಅರಚದೆ ನಿಂತದ್ದಕ್ಕೆ ಹೆಣ್ಣು ಹತ್ತುತ್ತಾಳೆ ಅಂದು ಹೋದರು.

ಇನ್ನು ಗತಿಯಿಲ್ಲದೆ ಜವರಮ್ಮ ಗೌಸಣ್ಣನನ್ನೇ ಮನೆಗೆ ಕರೆಸಿದಳು. ಅವನು ಬಾನೆಟ್ ಎತ್ತಿ ನೋಡಿ ನಕ್ಕ. ಮರಿಸ್ವಾಮಿ ಮಂತ್ರದ ದಾರವನ್ನು ಆಕ್ಸಿಲೇಟರ್ ತಂತಿಗೇ ಕಟ್ಟಿದ್ದ. ಕಾಲು ತೆಗೆದರೂ ತಂತಿ ಹಿಂದಕ್ಕೆ ಹೋಗದಷ್ಟು ಬಿಗಿ. ಗೌಸಣ್ಣ ಗಂಟು ಬಿಚ್ಚಿದ, ಇಂಜಿನ್ ಸುಮ್ಮನಾಯಿತು.

ಜವರಮ್ಮ ಖುಷಿಪಟ್ಟಳೇ? ಇಲ್ಲ, ಹೊಟ್ಟೆಯುರಿ ಇನ್ನೂ ಏರಿತು. "ಈ ದಾರವ ಅವಳ ಕಾರಿಗೆ ಕಟ್ಟಿದ್ರೆ ಅವಳ ಮೆರೆದಾಟ ನಿಲ್ತಿತ್ತು ಕಣ್ಲಾ" ಅಂದಳು.

ಹೂಂ ಅಂದ ಮರಿಸ್ವಾಮಿ.

ಮದುವೆ ದಿನ ಎರಡೂ ಕಾರು ಗೌಡರ ಬಾಗಿಲಲ್ಲಿ ನಿಂತವು. ಜವರಮ್ಮನ ಕಾರು ಸದ್ದಿಲ್ಲದೆ ನಿಂತಿತ್ತು. ಪುಟ್ಟಲಿಂಗಮ್ಮನದು ಬೀದಿಯೆಲ್ಲ ಕೇಳುವ ಹಾಗೆ ಅರಚುತ್ತಿತ್ತು. ಜವರಮ್ಮನ ಮುಖ ಅರಳಿತು. ಮದುಮಗಳು ಅವಳ ಕಾರು ಹತ್ತಲು ಕಾಲೆತ್ತಿದಳು. ಅಷ್ಟರಲ್ಲಿ ಗೌಡರು, ನಿನ್ನೆವರೆಗೂ ಚೆನ್ನಾಗಿದ್ದ ಗಾಡಿಗೆ ಏನು ಬಂತು ಅಂತ ಪುಟ್ಟಲಿಂಗಮ್ಮನ ಕಾರಿನ ಬಾನೆಟ್ ಎತ್ತಿದರು. ಒಳಗೆ ಕರೀ ದಾರ, ಮೂರು ಗಂಟು. ಯಾರು ಕಟ್ಟಿದ್ದು ಅಂತ ಕೇಳಿದರು.

"ನಾನೇ ಕಟ್ಟಿದ್ದು ಗೌಡ್ರೇ, ನಮ್ಮವ್ವ ಹೇಳಿದ್ಲು" ಅಂತ ಮರಿಸ್ವಾಮಿ ಎದೆಯುಬ್ಬಿಸಿ ಮುಂದೆ ಬಂದ.

ಎತ್ತಿದ ಕಾಲನ್ನು ಮದುಮಗಳು ಕೆಳಗಿಟ್ಟಳು. ಮಾಟ ಮಂತ್ರ ಮಾಡಿಸುವವರ ಗಾಡಿಗೆ ಹೆಣ್ಣನ್ನು ಯಾರು ಹತ್ತಿಸುತ್ತಾರೆ? ಗೌಡರು ದಾರ ಬಿಚ್ಚಿ ಮರಿಸ್ವಾಮಿಯ ಕೈಗೆ ಕೊಟ್ಟು, ಮದುಮಗಳನ್ನು ಪುಟ್ಟಲಿಂಗಮ್ಮನ ಕಾರಿಗೆ ಹತ್ತಿಸಿದರು. ಪುಟ್ಟಲಿಂಗಮ್ಮ ಮುಂದಿನ ಸೀಟಿನಲ್ಲಿ ಕೂತು ಹೊರಟುಹೋದಳು.

ಸದ್ದಿಲ್ಲದ ಕಾರಿನ ಪಕ್ಕ ಜವರಮ್ಮ ಕುಸಿದು ಕೂತಳು. ಎಲ್ಲಾ ನನ್ನ ಬಾಯಿಂದಲೇ ಆಯ್ತು, ಈ ಬಾಯಿ ಕಟ್ಟಿದ್ದರೆ ಚೆನ್ನಾಗಿತ್ತು ಅಂತ ಅತ್ತಳು.

ಮರಿಸ್ವಾಮಿ ಹೂಂ ಅಂದ. ದಾರವನ್ನು ನೇರ ಮಾಡಿಕೊಂಡು ಅವಳ ಎದುರು ಕೂತ.

"ಮೂರು ಗಂಟು ತಾನೇ, ಅವ್ವ?"