ನೆತ್ತಿಗಲ್ಲಮ್ಮನ ಹಗ್ಗದ ವೀಳ್ಯ

ದೀಪದ ಕುಡಿ ಸರಿಮಾಡಿ, ಅಕ್ಷತೆಯನ್ನು ಕೈಯಲ್ಲಿ ಹಿಡಿದು ಕೇಳಿರಿ, ತಾಯಂದಿರೇ. ಹರಟೆಯಿದ್ದರೆ ಆಮೇಲೆ ಇಟ್ಟುಕೊಳ್ಳಿ.

ಕಲ್ಲುಕೋಟೆಯ ಅರಸನಿಗೆ ಹೊನ್ನಾಂಬೆಯೆಂಬ ರಾಣಿಯಿದ್ದಳು. ಊರ ಹಿಂದಿನ ಕಡಿದಾದ ಬೆಟ್ಟದ ತುದಿಯಲ್ಲಿ ನೆತ್ತಿಗಲ್ಲಮ್ಮ ನೆಲೆಸಿದ್ದಳು. ಶ್ರಾವಣದ ಕಡೆಯ ಶುಕ್ರವಾರ ಹೆಣ್ಣೊಬ್ಬಳು ಹತ್ತಿಹೋಗಿ ಅಲ್ಲಿ ದೀಪ ಹಚ್ಚುವುದು ವ್ರತ. ಮೇಲಿನ ಗೂಟ ಸುತ್ತಿ ಬಂದ ಹಗ್ಗದ ಒಂದು ತುದಿ ಹತ್ತುವವಳ ನಡುವಿಗೆ, ಇನ್ನೊಂದು ಕೆಳಗೆ ನಿಂತವಳ ಕೈಗೆ. ಹತ್ತುವವಳು ಹಗ್ಗ ಹಿಡಿಯುವವಳಿಗೆ ಕೈಯಾರೆ ವೀಳ್ಯ ಕೊಟ್ಟು, ಒಂದೇ ಎಲೆಯಲ್ಲಿ ಉಂಡು, "ಹೋಗಿಬರಲೇ ಅಕ್ಕಾ" ಎಂದು ಕೇಳಿ, ಅವಳು ಹಗ್ಗವನ್ನು ಮೊಳಮೊಳವೂ ಸವರಿ ನೋಡಿ "ಹೋಗಿ ಬಾ" ಎಂದ ಮೇಲೆಯೇ ಕಲ್ಲಿಗೆ ಕಾಲಿಡಬೇಕು.

ಒಂದು ವರ್ಷ ವ್ರತಕ್ಕೆ ಹೊರಟ ರಾಣಿಯು, ಹಗ್ಗ ಹೊಸೆದು ಕೆಳಗೆ ನಿಂತು ಹಿಡಿಯುವ ದುಗ್ಗವ್ವನೊಡನೆ ತಾನು ಉಣ್ಣುವುದೇ ಎಂದು ಮೂಗು ಮುರಿದು, ವೀಳ್ಯವನ್ನು ದಾಸಿಯ ಕೈಲಿ ಕಳಿಸಿ, ಮೆರೆಯಲೆಂದು ರೇಷ್ಮೆಯ ಹಗ್ಗ ಕಟ್ಟಿಸಿಕೊಂಡು ಹತ್ತಿದಳು. ಅರ್ಧದಾರಿಯಲ್ಲಿ ಕಲ್ಲಿನ ಅಂಚು ರೇಷ್ಮೆಯನ್ನು ಕತ್ತರಿಸಿತು. ರಾಣಿ ಬಿದ್ದಳು, ಕಾಲು ಮುರಿಯಿತು.

ಊರ ಹಿರಿಯರಿಗೆ ಅಷ್ಟೇ ಬೇಕಾಗಿತ್ತು. ಬೆಟ್ಟ ಹೆಂಗಸರಿಗೆ ಆಗಿಬರುವುದಿಲ್ಲ, ದಾರಿಗೆ ಗೋಡೆ ಕಟ್ಟಿಸಿ ಎಂದರು. ಬರುವ ಶ್ರಾವಣಕ್ಕೂ ದೀಪ ಉರಿಯದಿದ್ದರೆ ಕಟ್ಟಿಸುವೆನೆಂದು ಅರಸನು ಕಲ್ಲು ತರಿಸಿ ರಾಶಿ ಹಾಕಿಸಿದನು.

ಹಾಸಿಗೆ ಹಿಡಿದ ರಾಣಿ ದುಗ್ಗವ್ವನನ್ನು ಕರೆಸಿ, ತಿಳಿದೂ ಏಕೆ ಹೇಳಲಿಲ್ಲವೆಂದು ಸಿಡುಕಿದಳು.

"ರೇಷ್ಮೆ ಹರೀತದೆ ಅಂತ ಗೊತ್ತಿತ್ತು ತಾಯಿ. ಬಾಯಿ ತೆರೆದ್ರೆ ನಿಮ್ಮ ಕಾವಲಿನೋರು ಗದರಿದ್ರು. ಜೊತೇಲಿ ಉಂಡಿದ್ರೆ ನಾನೇ ನಿಮ್ಮನ್ನ ಗದರ್ತಿದ್ದೆ!"

ರಾಣಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಮರುವರ್ಷ ಅವಳು ಕುಂಟುತ್ತಲೇ ಸಭೆಗೆ ಬಂದು, "ನಾನು ಬಿದ್ದದ್ದು ಹೆಣ್ಣೆಂದಲ್ಲ, ಜಂಬದಿಂದ. ಮೇಲೆ ಕುಳಿತವಳೂ ಹೆಣ್ಣೇ. ಗೋಡೆ ಕಟ್ಟುವವರು ಮೊದಲು ಅವಳನ್ನು ಕೆಳಗಿಳಿಸಿ ಬನ್ನಿ" ಎಂದಳು. ಯಾರೂ ಏಳಲಿಲ್ಲ.

ಅವಳು ವೀಳ್ಯ ಕೊಟ್ಟು, ದುಗ್ಗವ್ವನೊಡನೆ ಒಂದೆಲೆಯಲ್ಲಿ ಉಂಡು, ಅಕ್ಕಾ ಎಂದು ಕೇಳಿದಳು. ದುಗ್ಗವ್ವ ನಾರಿನ ಹಗ್ಗವನ್ನು ಮೊಳಮೊಳವೂ ಸವರಿ, "ಆ ಕಾಲ್ಗೆಜ್ಜೆ ಬಿಚ್ಚೇ, ಜಾರ್ತೀಯ!" ಎಂದು ಗದರಿ, ಬಿಚ್ಚಿದ ಮೇಲೆ "ಹೋಗಿ ಬಾ" ಎಂದಳು. ಅದೇ ಅಂಚಿನಲ್ಲಿ ರಾಣಿಯ ಕುಂಟುಗಾಲು ಜಾರಿತು, ಹಗ್ಗ ಬಿಗಿಯಿತು, ದುಗ್ಗವ್ವನ ಅಂಗೈ ಸುಲಿಯಿತು, ಕೈ ಬಿಡಲಿಲ್ಲ. ಸಂಜೆಗೆ ನೆತ್ತಿಯಲ್ಲಿ ದೀಪ ಕಂಡಿತು. ಗೋಡೆಗೆ ತಂದ ಕಲ್ಲಿನಿಂದ ಹಗ್ಗ ಹಿಡಿಯುವವಳಿಗೆ ಜಗಲಿ ಕಟ್ಟಿಸಿದರು.

ಈ ಕಥೆ ಹೇಳಿದವಳಿಗೂ ಕೇಳಿದವಳಿಗೂ ಬಿಡದ ಕೈಯೊಂದು ಸಿಗಲಿ. ಹೆಂಗಸರಿಗೇಕೆ ಬೆಟ್ಟ ಎನ್ನುವವರು ಈ ಮನೆಯಲ್ಲಿದ್ದರೆ ಅವರಿಗೂ ಪ್ರಸಾದ ಕೊಡಿ. ದಾರಿ ಮಾತ್ರ ಬಿಟ್ಟುಕೊಡಬೇಡಿ.