ಪಾಳೆಯಗಾರನ ಹಸಿರುಗಲ್ಲಿನ ಹಾರ

ನನ್ನ ಮೀಸೆಯಾಣೆಗೂ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನಂಥ ಸತ್ಯವಂತ ಈ ಸೀಮೆಯಲ್ಲೇ ಹುಟ್ಟಿಲ್ಲ.

ಒಬ್ಬ ಪಾಳೆಯಗಾರನಿಗೆ ಒಡವೆಯ ಹುಚ್ಚು. ತನ್ನಲ್ಲಿರುವಂಥದ್ದು ಇನ್ನೊಬ್ಬರಲ್ಲಿ ಇರಬಾರದೆಂದು, ಒಡವೆ ಕೈಗೆ ಬಂದೊಡನೆ ಮಾಡಿದವರ ಬೆರಳು ಕಡಿಸಿಬಿಡುತ್ತಿದ್ದ. ಈ ಸಲ ಹೇಳಿ ಕಳಿಸಿದ್ದು ಮಣಿ ಪೋಣಿಸುವ ಸಾಂತವ್ವನಿಗೆ. "ಎದೆ ತುಂಬುವ ಹಾರ ಬೇಕು. ಗುಡ್ಡದ ಕಲ್ಲಿನದೇ ಆಗಬೇಕು."

ಸಾಂತವ್ವ ಹಸಿರುಗಲ್ಲುಗಳನ್ನು ಉಜ್ಜಿ, ತಾಮ್ರದ ತಂತಿಯಲ್ಲಿ ಪೋಣಿಸಿ ತಂದಳು. ದೊರೆಯ ಹಿಂದೆ ನಿಂತು ಕೊರಳಿಗೆ ಬಿಗಿಯಾಗಿ ತಾನೇ ಕಟ್ಟಿದಳು. ಅವನು ಕನ್ನಡಿ ನೋಡಿ ಹಿಗ್ಗಿದ. ಆಮೇಲೆ ಕೊಡಲಿಯವನನ್ನು ಕರೆದ.

"ಕಡಿಸಿರಿ ಒಡೆಯಾ," ಅಂದಳು ಸಾಂತವ್ವ, ಕೈ ಚಾಚಿ. "ಆದರೆ ಆ ಗಂಟು ಕಟ್ಟುವುದೂ ಬಿಚ್ಚುವುದೂ ಈ ಬೆರಳಿಗೆ ಮಾತ್ರ ಗೊತ್ತು. ಇವು ಹೋದರೆ, ತಂತಿ ಕತ್ತರಿಸಲು ಯಾರಾದರೂ ನಿಮ್ಮ ಕೊರಳಿಗೆ ಉಳಿ ಇಡಬೇಕಾದೀತು. ಯಾರನ್ನು ಕರೆಯಲಿ?"

ಪಾಳೆಯಗಾರ ಸುತ್ತ ನೋಡಿದ. ಪಕ್ಕದಲ್ಲಿ ನಿಂತಿದ್ದ ತಮ್ಮನ ಒಂದು ಕಣ್ಣು ಕೀಳಿಸಿದವನು ಅವನೇ. ಕೊಡಲಿಯವನ ಮಗನನ್ನು ನೇಣಿಗೆ ಹಾಕಿಸಿದವನೂ ಅವನೇ. ಈಗ ಎಲ್ಲರೂ ಅವನ ಕೊರಳನ್ನೇ ನೋಡುತ್ತಿದ್ದರು.

"ಮನೆಗೆ ಹೋಗು ತಾಯಿ," ಅಂದ. "ಬೆರಳು ಜೋಪಾನ."

ಒಂದೇ ಒಂದು ಸಣ್ಣ ಸುಳ್ಳಿದೆ, ಅದೂ ನನ್ನದಲ್ಲ, ಸಾಂತವ್ವನದು. ಅದು ಕೂಸು ಕೂಡ ಬಿಚ್ಚುವಂಥ ಗಂಟು. ಆದರೆ ಅದನ್ನು ನೋಡಲು ಯಾರಾದರೂ ದೊರೆಯ ಬೆನ್ನ ಹಿಂದೆ ನಿಲ್ಲಬೇಕಿತ್ತಲ್ಲ.