ಗಂಗಾಂಬಿಕೆ ಮನೆ ಹಾಲು, ಬಾಸಂತಿ ಮನೆ ಹೆಪ್ಪು

ಚಿತ್ರದುರ್ಗದಲ್ಲಿ ಒಂದು ಬೀದಿ. ಅಲ್ಲಿ ನಲ್ಲಿ ನೀರು ಯಾವಾಗ ಬರ್ತೈತೆ ಅಂತ ದೇವ್ರಿಗೂ ಗೊತ್ತಿಲ್ಲ, ನೀರು ಬಿಡೋ ವಾಲ್ವ್ ತಿರುಗ್ಸೋ ಓಬಣ್ಣಂಗೆ ಮಾತ್ರ ಗೊತ್ತು. ಅವನು ಬೀದಿಯ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದ್ನೋ, ಹೆಂಗಸ್ರು ಒಲೆ ಮೇಲಿನ ಸಾರು ಬಿಟ್ಟು ನಲ್ಲಿ ತಾವ ಓಡ್ತಾರೆ. ಗ್ರೂಪಲ್ಲಿ ಇಲ್ದೋರಿಗೆ ನೀರಿಲ್ಲ, ಅಷ್ಟೇ.

ಆ ಗ್ರೂಪಿಗೆ ಗಂಗಾಂಬಿಕೆ ಅಡ್ಮಿನ್ನು. ಫೋಟೋ ಜಾಗದಲ್ಲಿ ಕೆಂಪು ಹಳದಿ ಬಾವುಟ. ದಿನಾ ಬೆಳಿಗ್ಗೆ ಭಾಷಾಭಿಮಾನದ ಒಂದು ಫಾರ್ವರ್ಡು. ಅವಳ ಮೊಮ್ಮಗ ಅವಳ್ನೇ "ಗ್ರ್ಯಾನೀ" ಅಂತಾನೆ, ಅದು ಬೇರೆ ಮಾತು.

ಬೀದಿ ಕೊನೇ ಮನೇಲಿ ಬಾಸಂತಿ ಅಂತ ಒರಿಸ್ಸಾದೋಳು. ಗಂಡ ಗೇಟು ಗ್ರಿಲ್ಲು ಬೆಸುಗೆ ಹಾಕ್ತಾನೆ. ಇಲ್ಲಿಗೆ ಬಂದು ಮೂರು ದೀಪಾವಳಿ ಆಗಿತ್ತು. ಕನ್ನಡ ಕಲ್ತಿದ್ಲು, ಆದ್ರೆ ಅವಳ ಬಾಯಲ್ಲಿ ಗಂಡಸ್ರೂ ಒಂದೇ ಹೆಂಗಸ್ರೂ ಒಂದೇ. ಒಂದಿನ ಗ್ರೂಪಲ್ಲಿ ವಾಯ್ಸ್ ಹಾಕಿದ್ಲು: "ಓಬಣ್ಣ ಬಂದ್ಳು, ನೀರು ಬಿಟ್ಳು."

ಬೀದಿಯೆಲ್ಲಾ ಹೊಟ್ಟೆ ಹಿಡ್ಕೊಂಡು ನಗಾಡ್ತು. ಗಂಗಾಂಬಿಕೆಗೆ ಮಾತ್ರ ಸಿಟ್ಟು ಬಂತು. "ಈ ಗ್ರೂಪು ಇಲ್ಲಿನ ಮೂಲದೋರಿಗೆ ಮಾತ್ರ" ಅಂತ ಹಾಕಿ, ಬಾಸಂತೀನ ತೆಗೆದೇ ಬಿಟ್ಲು.

"ಅಲ್ಲ ಗಂಗಕ್ಕ, ನೀನು ಕೂಡ್ಲಿಗಿಯೋಳಲ್ವಾ?" ಅಂತ ಎದುರುಮನೆಯೋಳು ಕೇಳಿದ್ಲು.

"ನಾನು ಸೊಸೆಯಾಗಿ ಬಂದೋಳು ಕಣೇ! ಅದೂ ಇದೂ ಒಂದೇನಾ?"

ಆ ಬೀದೀಲಿ ಇರೋ ಹೆಂಗಸ್ರೆಲ್ಲಾ ಸೊಸೆಯಾಗಿ ಬಂದೋರೇ. ಹಂಗಾಗಿ ಎಲ್ಲಾರಿಗೂ ಆ ಲೆಕ್ಕ ಸರಿ ಅನ್ನಿಸ್ತು.

ಅವತ್ತಿಂದ ಬಾಸಂತಿ ಪಾಡು ಯಾರಿಗೂ ಬ್ಯಾಡ. ಪಕ್ಕದ ಮನೆ ಬಿಂದಿಗೆ ಸದ್ದು ಕೇಳಿ ಓಡಿ ಬರೋ ಹೊತ್ಗೆ ನಲ್ಲಿ ಗೊರಗೊರ ಅನ್ನೋದು. ಬೋರ್‌ವೆಲ್ ತಾವ ಕೊಡ ಹೊತ್ತು ಹೊತ್ತು ಸೊಂಟ ಬಿದ್ದೋಯ್ತು. "ಇಲ್ಲಿ ಬ್ಯಾಡ, ಬೇರೆ ಕಡೆ ಮನೆ ನೋಡಣ" ಅಂತ ಗಂಡಂಗೆ ಅಂದ್ಲು.

ಹಿಂಗಿರುವಾಗ ಗಂಗಾಂಬಿಕೆಯ ತೀರಿಹೋದ ಅತ್ತೆಗೆ ವರ್ಷದ ಎಡೆ ಇಡೋ ದಿನ ಹತ್ರ ಬಂತು. ಆ ಮುದುಕಿಗೆ ಮೊಸರನ್ನ ಅಂದ್ರೆ ಜೀವ. ಎಡೆಗೆ ಮನೇಲಿ ಹೆಪ್ಪಾಕಿದ ಮೊಸರೇ ಆಗ್ಬೇಕು. ಪ್ಯಾಕೆಟ್ ಮೊಸರು ಇಟ್ರೆ, ಅದ್ರಲ್ಲಿ ಹೆಪ್ಪಾಕಿದ್ರೂ ಸೈತ, ಫೋಟೋದಿಂದ ಇಳಿದು ಬಂದು ಬೈಯ್ತಾಳೆ, ಅಂಥಾ ಮುದುಕಿ. ಎಡೆ ಹಿಂದಿನ ದಿನ ಸಾಯಂಕಾಲ ಬೆಕ್ಕು ಮೊಸರಿನ ಪಾತ್ರೆ ಉರುಳ್ಸಿ, ತಳ ಸಮೇತ ನೆಕ್ಕಿ ಹೋಯ್ತು. ಹೆಪ್ಪಿಗೂ ಒಂದು ಹನಿ ಉಳೀಲಿಲ್ಲ.

ಗಂಗಾಂಬಿಕೆ ಬಟ್ಟಲು ಹಿಡ್ಕೊಂಡು ಹೊರಟ್ಲು. ಎದುರುಮನೆಯೋಳು ಅಂದ್ಲು, "ಅಯ್ಯೋ, ಈಗ ತಾನೇ ದೀಪ ಹಚ್ದೆ ಕಣಕ್ಕ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಟ್ರೆ ಮನೆ ಲಕ್ಷ್ಮಿ ಹೋಗ್ತಾಳೆ. ನಿಂಗೆ ಗೊತ್ತಿಲ್ದೇ ಇರೋದಾ?" ಪಕ್ಕದ ಮನೇಲೂ ಅದೇ ಮಾತು. ಅದರಾಚೆ ಮನೇಲೂ ಅದೇ. ಎಲ್ಲಾರೂ ಪಾಪ ಅಂದ್ರು, ಎಲ್ಲಾರೂ ಬಾಗಿಲು ಹಾಕಿದ್ರು.

ಉಳಿದಿದ್ದು ಕೊನೇ ಮನೆ. ಗಂಗಾಂಬಿಕೆ ಸೆರಗು ಹಿಂಡ್ತಾ ನಿಂತ್ಲು.

"ಬಾಸಂತೀ, ಒಂದು ಚಮಚ ಹೆಪ್ಪು ಐತಾ?"

"ಐತೆ. ಕೊಡಲ್ಲ."

ಗಂಗಾಂಬಿಕೆ ಮುಖ ಸಪ್ಪಗಾಯ್ತು. "ಕೊಡಬ್ಯಾಡ ಬಿಡು. ನಾನು ಮಾಡಿದ್ದೂ ಹಂಗೇ ಐತಲ್ಲ."

"ಅದಕ್ಕಲ್ಲ ಅಕ್ಕ. ನಾನು ಹೊಸದಾಗಿ ಬಂದಾಗ ನಿಮ್ಮನೇಗೆ ಹೆಪ್ಪು ಕೇಳಾಕೆ ಬಂದಿದ್ದೆ. ದೀಪ ಹಚ್ಚೈತೆ, ಇಲ್ಲಿ ಹಂಗೆಲ್ಲಾ ಕೊಡಲ್ಲ ಅಂತ ನೀವೇ ಹೇಳಿದ್ರಿ. ಅವತ್ತಿಂದ ದೀಪ ಹಚ್ಚಿದ ಮ್ಯಾಲೆ ನಾನೂ ಕೊಡಲ್ಲ."

ಗಂಗಾಂಬಿಕೆ ವಾಪಸ್ ತಿರುಗಿದ್ಲು.

"ಎಲ್ಲಿಗೆ ಹೋಗ್ತೀರ? ಹೆಪ್ಪು ಹೊಸ್ಲು ದಾಟಬಾರ್ದು ಸರಿ. ಹಾಲು ದಾಟಬೋದಲ್ಲ? ಕಾಯ್ಸಿ ಇಲ್ಲಿಗೇ ತಗೊಂಬನ್ನಿ. ನಮ್ಮನೇಲೇ ಹೆಪ್ಪಾಕ್ತೀನಿ, ಬೆಳಿಗ್ಗೆ ಮೊಸರು ಒಯ್ಯಿರಿ."

ಇಷ್ಟು ಸುಲಭದ ದಾರಿ ಬೀದಿಯ ಒಬ್ಬಳಿಗೂ ಹೊಳೆದಿರಲಿಲ್ಲ, ನೋಡಿ. ಹೊಳೀಬೇಕು ಅಂದ್ರೆ ಕೊಡೋ ಮನಸ್ಸಿರಬೇಕಲ್ಲ.

ಗಂಗಾಂಬಿಕೆ ಮನೆ ಹಾಲು ಆ ರಾತ್ರಿ ಬಾಸಂತಿ ಮನೇಲಿ ಮಲಗ್ತು. ಬೆಳಿಗ್ಗೆ ಗಂಗಾಂಬಿಕೆ ಬಂದು ಮುಚ್ಚಳ ತೆಗೆದ್ರೆ ಮೊಸರು ಗಟ್ಟಿಯಾಗಿ, ಚಾಕೂಲಿ ಕುಯ್ಯೋ ಹಂಗಿತ್ತು. ಅಷ್ಟರಲ್ಲಿ ಅವಳ ಫೋನು ಟಿಣ್ ಅಂತು. ಓಬಣ್ಣನ ಮೆಸೇಜು.

ಬಾಸಂತಿ ಆ ಸದ್ದು ಬಂದ ಕಡೆ ನೋಡಿದ್ಲು. ಮೂಲೇಲಿ ಡ್ರಮ್ಮು ಖಾಲಿ ಇತ್ತು.

ಗಂಗಾಂಬಿಕೆ ಮೊಸರಿನ ಪಾತ್ರೆ ಕೆಳಗಿಟ್ಲು. "ನೀರು ಬಂತು, ನಲ್ಲಿ ತಿರುಗ್ಸು ಹೋಗು!" ಅಂದ್ಲು. ಆಮೇಲೆ ಅಲ್ಲೇ ಕುಂತು, ಕನ್ನಡಕ ಮೂಗಿನ ಮೇಲೆ ಏರಿಸ್ಕೊಂಡು, ಬಾಸಂತಿ ನಂಬರ್ ಹುಡುಕಿ ಗ್ರೂಪಿಗೆ ಸೇರಿಸಿದ್ಲು. ಮೂಲದೋರಿಗೆ ಮಾತ್ರ ಅಂತ ಹಾಕಿದ್ದನ್ನೂ ಅಳಿಸಿದ್ಲು.

ಸ್ವಲ್ಪ ಹೊತ್ಗೆ ಗ್ರೂಪಲ್ಲಿ ಒಂದು ವಾಯ್ಸ್ ಬಂತು. ಬಾಸಂತೀದು.

"ಎಲ್ಲಾರೂ ಕೇಳ್ರಿ! ಗಂಗಕ್ಕನ ಮನೆ ನಲ್ಲಿ ತೆರೆದೇ ಐತೆ, ನೀರು ಬೀದಿಗೆಲ್ಲಾ ಹರೀತೈತೆ, ಯಾರಾದ್ರೂ ನಿಲ್ಸಿ! ಗಂಗಕ್ಕ ನಮ್ಮನೇಲಿ ಟೀ ಕುಡೀತಾ ಅವ್ನೆ!"

ಬೀದಿ ಮತ್ತೆ ನಗಾಡ್ತು. ಗಂಗಾಂಬಿಕೆ ಎಲ್ಲಾರಿಗಿಂತ ಜೋರಾಗಿ ನಕ್ಕಳು. ಎದುರುಮನೆಯೋಳು ಓಡಿ ಹೋಗಿ ನಲ್ಲಿ ನಿಲ್ಸಿದ್ಲು.

ನೀತಿ: ಹುಟ್ಟಿದ್ದು ಎಲ್ಲಿ, ಮಾತು ಎಷ್ಟು ನೆಟ್ಟಗೈತೆ, ಗ್ರೂಪಲ್ಲಿ ಹೆಸರು ಐತೋ ಇಲ್ವೋ ಅನ್ನೋದ್ರಿಂದ ಯಾರೂ ಒಂದು ಊರಿನೋರು ಆಗಲ್ಲ. ಆ ಊರಿನ ರೂಢಿ ತನ್ನದು ಅಂದ್ಕೊಂಡು, ಅದನ್ನ ಹಿಡ್ಕೊಂಡೇ ಪಕ್ಕದ ಮನೆಯೋರ ಕಷ್ಟಕ್ಕೆ ಆಗೋರೇ ಆ ಊರಿನೋರು. ಅದೇ ರೂಢಿ ಹೇಳಿ ಬಾಗಿಲು ಹಾಕೋರು, ಅಲ್ಲೇ ಹುಟ್ಟಿದ್ರೂ ಹೊರಗಿನೋರೇ.